ಸುಗುಣಾ ಟೀಚರು ಪಿನ್ನು ಹಾಕಿದ ಪುಟಗಳು

ಸಭಾ ಸಮಿತಿಯ ಮಾನ್ಯರೇ, ಮಕ್ಕಳಿಗೆ ಯಾವ ಬೈಬಲ್ ಕೊಡಬೇಕೆಂದು ತನ್ನ ಅರ್ಧ ಆಯುಷ್ಯ ತಲೆ ಕೆಡಿಸಿಕೊಂಡ ಹೆಂಗಸೊಬ್ಬಳನ್ನು, ತಲೆ ಕೆಡಿಸಿಕೊಂಡ ತಪ್ಪಿಗಾಗಿಯೇ ನೀವು ಮನೆಗೆ ಕಳುಹಿಸಿದಿರಿ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಫೋಟೊ ತೆಗೆಸಿಕೊಂಡು ಕಳುಹಿಸಿದ್ದರಿಂದ ಸಭೆಯವರೆಲ್ಲ ಅದನ್ನು ಸನ್ಮಾನವೆಂದು ನಂಬಿ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಸದ್ದಿನಲ್ಲಿ, ಹಿಂದಿನ ಕೊಠಡಿಯ ಬೀರುವಿಗೆ ಬೀಗ ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ. ಆ ಬೀಗದ ಬಗ್ಗೆ ಬರೆಯಬೇಕೆಂದೇ ಕುಳಿತೆ. ಆದರೆ ಬರೆಯತೊಡಗಿದಾಗ ಬೀಗಕ್ಕಿಂತ ಮೊದಲು ನೆನಪಾಗುವುದು ಒಂದು ತುರುಬು.

ಸುಗುಣಾ ಟೀಚರ ತುರುಬು ದೊಡ್ಡದು; ಅದರ ತುಂಬ ಕಪ್ಪು ಹೇರ್‌ಪಿನ್ನುಗಳು. ಭಾನುವಾರ ಬೆಳಿಗ್ಗೆ ರಿಚರ್ಡ್ಸ್ ಟೌನಿನ ನಮ್ಮ ಕನ್ನಡ ಕ್ರೈಸ್ತ ಸಭೆಯ ಚರ್ಚಿನ ಹಿಂಭಾಗದ ಹೆಂಚಿನ ಕೊಠಡಿಗೆ ಅವರು ಬರುವಾಗ ಆ ತುರುಬು ಕಲ್ಲಿನಂತೆ ಬಿಗಿಯಾಗಿರುತ್ತಿತ್ತು. ಮಕ್ಕಳ ಪಾಠ ಮುಗಿದು ಹೊರಗೆ ಬರುವಾಗ ಹೆಗಲ ಮೇಲೆ ಜಾರಿ ಅರ್ಧ ಬಿಚ್ಚಿಹೋಗಿರುತ್ತಿತ್ತು. ಏಕೆಂದರೆ ನಡುವಿನ ಹೊತ್ತಿನಲ್ಲಿ ತುರುಬಿನ ಪಿನ್ನುಗಳು ಒಂದೊಂದಾಗಿ ಮಕ್ಕಳ ಪುಸ್ತಕಗಳಿಗೆ ವರ್ಗವಾಗಿರುತ್ತಿದ್ದವು.

ಇದು ಹೊರಗಿನವರಿಗೆ ಅರ್ಥವಾಗಬೇಕಾದರೆ ನಮ್ಮ ಭಾನುವಾರದ ಶಾಲೆಯ ಪದ್ಧತಿಯೊಂದನ್ನು ಹೇಳಬೇಕು. ನಮ್ಮಲ್ಲಿ ಪ್ರತಿ ಮಗುವಿಗೂ ಸಭೆಯೇ ಬೈಬಲ್ ಕೊಡುತ್ತಿತ್ತು. ಅದು ಮಗುವಿನ ಸ್ವಂತ ಆಸ್ತಿಯಾಗುತ್ತಿರಲಿಲ್ಲ. ಬೆಳೆದಂತೆ ಹಳೆಯದನ್ನು ಹಿಂದಿರುಗಿಸಿ ಮುಂದಿನದನ್ನು ಒಯ್ಯಬೇಕು. ಹಿಂದಿರುಗಿಸಿದ್ದು ಇನ್ನೊಂದು ಸಣ್ಣ ಮಗುವಿಗೆ ಹೋಗುತ್ತಿತ್ತು. ಬೀರುವಿನ ಕೆಳಗಿನ ಖಾನೆಯಲ್ಲಿ ರಟ್ಟಿನ ಹಾಳೆಯ ಚಿತ್ರದ ಪುಸ್ತಕಗಳು, ಜೊಲ್ಲಿಗೂ ಬಿಸ್ಕತ್ತಿಗೂ ಜಗ್ಗದಂಥವು. ಅದರ ಮೇಲೆ, ಚಿತ್ರ ಒಂದು ಪುಟಕ್ಕಾದರೆ ಕಥೆ ಎದುರು ಪುಟಕ್ಕೆ ಇರುವಂಥವು. ಅದರ ಮೇಲೆ, ದಪ್ಪಕ್ಷರದ ಸರಳ ಕನ್ನಡದವು, ಸರಳ ಇಂಗ್ಲಿಷಿನವು, ಒಂದಷ್ಟು ತಮಿಳಿನವು. ಎಲ್ಲಕ್ಕೂ ಮೇಲೆ, ಕೈಗೆ ಎಟುಕದ ಎತ್ತರದಲ್ಲಿ, ಕಪ್ಪು ರಟ್ಟಿನ ಪೂರ್ಣ ಸತ್ಯವೇದ, ಎಂದರೆ ಇಡೀ ಬೈಬಲ್. ಸಭೆಯ ಪೂರ್ಣ ಸದಸ್ಯರಾಗುವ ದೃಢೀಕರಣ ವಿಧಿಗೆ ಸಿದ್ಧವಾದ ಮಕ್ಕಳಿಗೆ ಮಾತ್ರ.

ಯಾವ ಮಗುವಿಗೆ ಯಾವ ಖಾನೆ? ಇದನ್ನು ತೀರ್ಮಾನಿಸುವುದಕ್ಕೆ ಸುಗುಣಾ ಟೀಚರು ವಾರಗಟ್ಟಲೆ ತೆಗೆದುಕೊಳ್ಳುತ್ತಿದ್ದರು. ವಯಸ್ಸು ನೋಡಿ ಕೊಟ್ಟುಬಿಡಬಾರದೇ ಎಂದು ಕೇಳಿದರೆ ಅವರ ಹುಬ್ಬಳ್ಳಿ ಕಡೆಯ ಮಾತು ಸಿದ್ಧವಿರುತ್ತಿತ್ತು: “ವಯಸ್ಸು ಅಂದ್ರ ಅಂಗಿ ಅಳತಿ ಇದ್ದಂಗವಾ. ಅಂಗಿ ಅಳತಿ ನೋಡಿ ಹೊಟ್ಟಿ ಹಸಿವಿ ಗೊತ್ತಾಕ್ಕೇತೇನು?” ಹಾಗಾದರೆ ಹೇಗೆ ಗೊತ್ತಾಗುತ್ತದೆ ಟೀಚರ್ ಎಂದರೆ, ಕನ್ನಡಕವನ್ನು ಹಣೆಗೇರಿಸಿ, ಸೂರಿನ ಕಡೆ ನೋಡಿ, ಅತ್ಯಂತ ಪ್ರಾಮಾಣಿಕವಾಗಿ ಹೇಳುತ್ತಿದ್ದರು: “ನಂಗೂ ತಿಳೀವಲ್ದವಾ.”

ಈ ‘ತಿಳೀವಲ್ದವಾ’ ನಮ್ಮ ಸಭೆಯ ಮಕ್ಕಳ ಬಾಯಲ್ಲಿ ಆಟದ ಮಾತಾಗಿತ್ತು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷು ಆಡುವ ಹಲಸೂರಿನ ಮಕ್ಕಳು ಕೂಡ, ಲೆಕ್ಕದ ಉತ್ತರ ಬಾರದಿದ್ದರೆ ತಮ್ಮ ಮಿಸ್‌ಗೆ “ತಿಳೀವಲ್ದವಾ” ಎಂದು ಹೇಳಿ ಬೈಸಿಕೊಳ್ಳುತ್ತಿದ್ದರು. ಭಾಷೆಯ ವಿಷಯದಲ್ಲಂತೂ ಟೀಚರ ಗೊಂದಲಕ್ಕೆ ಕೊನೆಯೇ ಇರಲಿಲ್ಲ. ಡೆರಿಕ್ ಎಂಬ ಹುಡುಗನನ್ನು ಸೇರಿಸಲು ಅವನ ತಾಯಿ ಬಂದಾಗ ನಡೆದ ಮಾತು ನನಗೆ ಇಂದಿಗೂ ಕಂಠಪಾಠ.

“ಇವ್ಗ ಯಾವ ಭಾಷಾದ್ದು ಕೊಡೂಣ್ರೀ? ಅಳೂ ಬಂದ್ರ ಯಾವ ಭಾಷಾದಾಗ ಅಳ್ತಾನ?”

“ಅಳೋದು ತಮಿಳಲ್ಲಿ ಟೀಚರ್. ಜಗಳ ಆಡೋದು ಉರ್ದೂಲಿ.”

“ಮತ್ತ ಕನ್ನಡ?”

“ಪ್ರೇಯರ್ ಮಾಡುವಾಗ. ಊಟಕ್ಕೆ ಮುಂಚೆ.”

“ಇಂಗ್ಲೀಷು?”

“ಹೋಮ್‌ವರ್ಕ್ ಮಾಡ್ಬಿಟ್ಟೆ ಅಂತ ಸುಳ್ಳು ಹೇಳೋಕೆ.”

ಟೀಚರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು; ಆಮೇಲೆ ಬೀರುವಿನ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ಡೆರಿಕ್‌ಗೆ ಸಿಕ್ಕಿದ್ದು ಅಕ್ಷರವೇ ಇಲ್ಲದ ಚಿತ್ರದ ಪುಸ್ತಕ. ಅವನಿಗಾಗ ಹತ್ತು ತುಂಬಿತ್ತು. ತಾಯಿಯ ಮುಖ ಸಣ್ಣದಾಯಿತು; ಹುಡುಗ ಮಾತ್ರ ಆ ಚಿತ್ರಗಳಿಗೆ ನಾಲ್ಕೂ ಭಾಷೆಗಳನ್ನು ಬೆರೆಸಿ ಕಥೆ ಕಟ್ಟಿ, ಮುಂದಿನ ಭಾನುವಾರ ಇಡೀ ಕೊಠಡಿಯನ್ನು ನಗಿಸಿದ. ಟೀಚರು ಎಣಿಸಿದ್ದು ಸರಿಯಾಗಿತ್ತೋ, ಅದೃಷ್ಟವೋ, ನನಗೂ ತಿಳಿಯದು.

ಇನ್ನು ಪಿನ್ನುಗಳ ವಿಷಯ. ಮಕ್ಕಳ ಬೈಬಲ್‌ಗಳ ಚಿತ್ರಕಾರರು ಎಲ್ಲರನ್ನೂ ನಗಿಸಿಬಿಡುತ್ತಾರೆ. ಜಲಪ್ರಳಯದಲ್ಲಿ ಲೋಕವೇ ಮುಳುಗುತ್ತಿದ್ದರೂ ನೋಹನ ನಾವೆಯ ಕಿಟಕಿಯಿಂದ ಜಿರಾಫೆ ನಗುತ್ತಿರುತ್ತದೆ. ಹೊರಗೆ ಉಳಿದವರು ಏನಾದರೆಂದು ಚಿತ್ರದಲ್ಲಿ ಇರುವುದಿಲ್ಲ; ಮಗುವಿನ ಮನಸ್ಸಿನಲ್ಲಿ ಇರುತ್ತದೆ. ಟೀಚರಿಗೆ ಇದು ದೊಡ್ಡ ಸಂಕಟ. ತೋರಿಸಿದರೆ ಹೆದರುತ್ತವೆ, ಮುಚ್ಚಿಟ್ಟರೆ ಮೋಸವಾಗುತ್ತದೆ. ಆದ್ದರಿಂದ ಅವರು ತಮ್ಮದೇ ಒಂದು ನಡುದಾರಿ ಹಿಡಿದಿದ್ದರು. ಈ ಮಗು ಈ ಪುಟಕ್ಕೆ ಇನ್ನೂ ಬಂದಿಲ್ಲ ಎನ್ನಿಸಿದರೆ ತುರುಬಿನಿಂದ ಪಿನ್ನು ತೆಗೆದು ಆ ಎರಡು ಹಾಳೆಗಳನ್ನು ಸೇರಿಸಿ ಸಿಕ್ಕಿಸುತ್ತಿದ್ದರು. ಅಂಟು ಹಚ್ಚುತ್ತಿರಲಿಲ್ಲ, ಹರಿಯುತ್ತಿರಲಿಲ್ಲ. ಪುಸ್ತಕ ಕೊಡುವಾಗ ಪ್ರತಿ ಮಗುವಿಗೂ ಅದೇ ಒಪ್ಪಂದ: “ತಗೀಬ್ಯಾಡ ಅನ್ನೂದಿಲ್ಲ ನಾ. ನಿನ್ನ ಕೈಯಾಗ ಐತಿ. ಆದ್ರ ತಗದ ಮ್ಯಾಲ ಪಿನ್ನು ತಂದು ನಂಗ ಕೊಡಬೇಕು. ಕುಂತು ಮಾತಾಡೂಣು.”

ನನ್ನ ಪುಸ್ತಕದಲ್ಲಿ ಪಿನ್ನು ಬಿದ್ದದ್ದು ಅಬ್ರಹಾಮನ ಕಥೆಗೆ. ದೇವರು ಕೇಳಿದನೆಂದು ತನ್ನ ಮಗ ಇಸಾಕನನ್ನೇ ಬಲಿ ಕೊಡಲು ಬೆಟ್ಟಕ್ಕೆ ಕರೆದೊಯ್ದ ತಂದೆಯ ಕಥೆ ಅದು. ಕೊನೆಯ ಗಳಿಗೆಯಲ್ಲಿ ದೇವರ ದೂತ ಬಂದು ತಡೆಯುತ್ತಾನೆ. ಆದರೆ ಚಿತ್ರದಲ್ಲಿ ಕತ್ತಿ ಎತ್ತಿದ ಕೈ ಹಾಗೆಯೇ ಇರುತ್ತದೆ. ನನಗಾಗ ಒಂಬತ್ತು ವರ್ಷ. ಹಲಸೂರಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಪಿನ್ನು ತೆಗೆದೆ, ನೋಡಿದೆ, ಎದ್ದು ಒಳಗೆ ಹೋದೆ. ಅಪ್ಪ ಗಡ್ಡ ಹೆರೆದುಕೊಳ್ಳುತ್ತಿದ್ದರು. “ಅಪ್ಪಾ, ದೇವ್ರು ಕೇಳಿದ್ರೆ ನೀನೂ ನನ್ನ ಕರ್ಕೊಂಡ್ ಹೋಗ್ತೀಯಾ?” ಎಂದು ಕೇಳಿದೆ. ಅವರ ರೇಜರು ಗಲ್ಲದ ಮೇಲೆ ನಿಂತುಹೋಯಿತು. ಕನ್ನಡಿಯನ್ನೇ ನೋಡುತ್ತ, “ಟೀಚರ್‌ನ ಕೇಳು” ಎಂದರು.

ಭಾನುವಾರ ಪಿನ್ನನ್ನು ಟೀಚರ ಅಂಗೈಯಲ್ಲಿಟ್ಟು, ಅಪ್ಪನನ್ನು ಕೇಳಿದ್ದನ್ನೂ ಹೇಳಿದೆ. ಅವರು ಬೇರೆ ಮಕ್ಕಳನ್ನು ಮರದಡಿ ಆಡಲು ಕಳುಹಿಸಿ, ನೆಲದ ಮೇಲೆ ನನ್ನ ಪಕ್ಕದಲ್ಲಿ ಕುಳಿತರು.

“ಅಂಜಿಕಿ ಬಂತೇನು?”

“ಹ್ಞೂಂ.”

“ನಂಗೂ ಬಂದಿತ್ತು. ನಮ್ಮಪ್ಪನ ಮಾರಿ ನೋಡ್ಕೋತ ಮಲಗಿದ್ದೆ, ಎದ್ದು ಹೊಂಟಾನೇನೋ ಅಂತ.”

“ಆಮೇಲೆ ಉತ್ತರ ಗೊತ್ತಾಯ್ತಾ ಟೀಚರ್?”

“ಇನ್ನೂ ತಿಳೀವಲ್ದವಾ. ಆದ್ರ ನೀ ನಿಮ್ಮಪ್ಪಗ ಕೇಳಿದೆಲ್ಲ, ಅದು ಛಲೋ ಆತು. ಇಸಾಕ ಪಾಪ ಸುಮ್ಮನ ನಡದು ಹೋದ.”

ಅಂದೇ ನನಗೆ ಮೇಲಿನ ಖಾನೆಯ ದಪ್ಪಕ್ಷರದ ಪುಸ್ತಕ ಸಿಕ್ಕಿತು. ಇದನ್ನು ಕೇಳಿ ಎಲ್ಲ ಮಕ್ಕಳಿಗೂ ಹೀಗೆಯೇ ಆಗುತ್ತಿತ್ತೆಂದು ಭಾವಿಸಬೇಡಿ. ನನ್ನ ತಮ್ಮ ಒಂದೇ ಮಧ್ಯಾಹ್ನ ತನ್ನ ಪಿನ್ನುಗಳನ್ನೆಲ್ಲ ಕಿತ್ತು, ಪುಟಗಳ ಕಡೆ ಕಣ್ಣೂ ಹಾಯಿಸದೆ, ಅವುಗಳನ್ನು ಬಗ್ಗಿಸಿ ಗಾಳ ಮಾಡಿಕೊಂಡು ಹಲಸೂರು ಕೆರೆಗೆ ಹೋದ. ಟೀಚರು ಅವನಿಗೂ ಅಷ್ಟೇ ಗಂಭೀರವಾಗಿ “ಮೀನ ಸಿಕ್ವೇನು?” ಎಂದು ವಿಚಾರಿಸಿಕೊಂಡು, ಹೊಸ ಪಿನ್ನು ಹಾಕಿದರು.

ತಪ್ಪುಗಳನ್ನೂ ಮಾಡುತ್ತಿದ್ದರು. ತಪ್ಪೆನಿಸಿದರೆ ಅದನ್ನು ತಿದ್ದುವ ರೀತಿಯೇ ಅವರಿಗೆ ಮುಳುವಾಯಿತು. ಕಳೆದ ವರ್ಷ ಇಂದಿರಾನಗರದ ಕುಟುಂಬವೊಂದರ ಏಳು ವರ್ಷದ ಹುಡುಗಿ ಅರಳು ಹುರಿದಂತೆ ಓದುವುದನ್ನು ಕೇಳಿ ಮರುಳಾಗಿ, ಒಂದು ಭಾನುವಾರ ಎಲ್ಲ ಖಾನೆಗಳನ್ನೂ ದಾಟಿಸಿ ಪೂರ್ಣ ಸತ್ಯವೇದವನ್ನೇ ಕೊಟ್ಟುಬಿಟ್ಟರು. ತಾಯಿ ಅದನ್ನು ಹಿಡಿಸಿ ಫೋಟೊ ತೆಗೆದು ಬಂಧುಗಳಿಗೆಲ್ಲ ಕಳುಹಿಸಿದರು. ವಾರ ಕಳೆಯುವಷ್ಟರಲ್ಲಿ ಟೀಚರಿಗೆ ಅನುಮಾನ ಹುಟ್ಟಿತು. ಹುಡುಗಿ ಓದುತ್ತಾಳೆ, ಆದರೆ ಏನನ್ನೂ ಕೇಳುವುದಿಲ್ಲ. ಬಸ್ಸು ಹತ್ತಿ ಇಂದಿರಾನಗರಕ್ಕೆ ಹೋದರು; ಕೊಟ್ಟ ಕಾಫಿ ಕುಡಿದರು; ಲೋಟ ಕೆಳಗಿಟ್ಟು, ಕಥೆಯ ಪುಸ್ತಕವೊಂದನ್ನು ಚೀಲದಿಂದ ತೆಗೆದು, “ಆ ದೊಡ್ಡದು ವಾಪಸ್ ಕೊಡ್ರಿ, ನಾ ತಪ್ಪು ಮಾಡೇನಿ” ಎಂದರು.

ದೂರು ಮರುದಿನವೇ ಸಮಿತಿಗೆ ಬಂತು. ಆರಾಧನೆ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ ನಡೆಸಿದ ಆ ಸಭೆಯಲ್ಲಿ, ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ನಾನೂ ಇದ್ದೆ. ಕಾರ್ಯದರ್ಶಿಗಳಾದ ಜಯಕರ್ ಅಂಕಲ್, ಪಿನ್ನು ಸಿಕ್ಕಿಸಿದ ಪುಸ್ತಕವೊಂದನ್ನು ಎತ್ತಿ ಹಿಡಿದರು.

“ಕೊಟ್ಟ ಪ್ರೈಜ್‌ನ ವಾಪಸ್ ಕೇಳ್ತಾರಾ ಯಾರಾದ್ರೂ? ಅದೂ ಅಲ್ದೆ, ದೇವರ ವಾಕ್ಯಕ್ಕೆ ಪಿನ್ ಹೊಡೆಯೋ ಅಧಿಕಾರ ಯಾರು ಕೊಟ್ರು ಟೀಚರ್? ಒಂದು ಮಗುಗೆ ಚಿತ್ರ, ಒಂದು ಮಗುಗೆ ದೊಡ್ಡದು. ಯಾವ ಬೇಸಿಸ್ ಮೇಲೆ ಡಿಸೈಡ್ ಮಾಡ್ತೀರ? ನಮ್ಗೂ ಹೇಳಿ.”

ನಾನು ಎದ್ದು, ಇದು ವಿಚಾರಣೆಯೋ ಸಮಾಲೋಚನೆಯೋ ಎಂದು ಕೇಳಿದೆ. “ಕೂತ್ಕೊಮ್ಮ. ಯೂನಿವರ್ಸಿಟಿ ಅಲ್ಲ ಇದು, ಚರ್ಚು” ಎಂದರು ಅಂಕಲ್, ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಎಲ್ಲರೂ ಟೀಚರ ಕಡೆ ತಿರುಗಿದರು. ಅವರು ಏನಾದರೂ ಹೇಳಬಹುದಿತ್ತು. ಓದುವ ಮಟ್ಟ, ಮನೋವಿಕಾಸ ಎಂಬಂಥ ಎರಡು ಭಾರದ ಮಾತು ಎಸೆದಿದ್ದರೆ ಸಮಿತಿ ಸುಮ್ಮನಾಗುತ್ತಿತ್ತು. ಟೀಚರು ಕನ್ನಡಕವನ್ನು ಹಣೆಗೇರಿಸಿದರು, ಚಾವಣಿಯ ಕಡೆ ನೋಡಿದರು. ಮುಂದಿನ ಮಾತು ನನಗೆ ಗೊತ್ತಿತ್ತು.

“ಖರೇ ಹೇಳ್ಬೇಕಂದ್ರ, ನಂಗೂ ತಿಳೀವಲ್ದ್ರಿ ಸರ.”

ಅದು ತಪ್ಪೊಪ್ಪಿಗೆಯೆಂದು ದಾಖಲಾಯಿತು. ಮುಂದಿನ ತಿಂಗಳೇ ಶಾಲು, ಹಣ್ಣಿನ ಬುಟ್ಟಿ.

ಕ್ರಿಸ್ಮಸ್‌ಗೆ ಹೊಸ ಬೈಬಲ್‌ಗಳು ಬಂದವು. ದೇವರ ದೃಷ್ಟಿಯಲ್ಲಿ ಮಕ್ಕಳೆಲ್ಲ ಸಮಾನರೆಂಬ ಭಾಷಣದೊಂದಿಗೆ ನಾಲ್ಕು ವರ್ಷದವರಿಗೂ ಹದಿನಾಲ್ಕರವರಿಗೂ ಒಂದೇ ಪುಸ್ತಕವನ್ನು ಹಂಚಲಾಯಿತು: ಒಂದು ಅಂಕಣ ಕನ್ನಡ, ಒಂದು ಅಂಕಣ ಇಂಗ್ಲಿಷು, ಸಾಸಿವೆಯಷ್ಟು ಅಕ್ಷರ, ಸುತ್ತ ಜಿಪ್ಪಿನ ಹೊದಿಕೆ. ತಾಯಿತಂದೆಗಳಿಗೆ ಬಹಳ ಸಂತೋಷವಾಯಿತು. ಮಕ್ಕಳಿಗೂ ಆಯಿತು, ಜಿಪ್ಪಿನಿಂದ. ಸಭಾಪಾಲಕರ ಉಪದೇಶದ ಉದ್ದಕ್ಕೂ ಸಾಲುಸಾಲಿನಿಂದ ಸರ್‍ರ್ ಸರ್‍ರ್ ಎಂಬ ಸದ್ದು, ತೆರೆಯುವುದು, ಮುಚ್ಚುವುದು. ಆ ಸದ್ದು ತಡೆಯಲಾರದೆ, ಆರಾಧನೆ ಮುಗಿಯುವವರೆಗೆ ಜಿಪ್ಪು ಮುಟ್ಟಕೂಡದೆಂದು ಸಮಿತಿಯೇ ಸೂಚನೆ ಹೊರಡಿಸಿತು. ಮಕ್ಕಳಿಗೆ ಬೈಬಲ್ ಹಂಚಿ, ಅದನ್ನು ತೆರೆಯಬಾರದೆಂದು ಆಜ್ಞೆ ಮಾಡಿದ ಸಭೆ ನಮ್ಮದೊಂದೇ ಇರಬೇಕು.

ನಗು ಇಲ್ಲಿಗೆ ಮುಗಿಯಿತು. ಕೆ.ಆರ್. ಪುರದಲ್ಲಿರುವ ನನ್ನ ಅಕ್ಕನ ಮಗಳು ರೂತ್‌ಗೆ ಎಂಟು ವರ್ಷ. ಸಂಜೆ ತಂದೆಯ ಸ್ಕೂಟರಿನ ಸದ್ದು ಕೇಳಿದರೆ ಮನೆಯವರೆಲ್ಲರಿಗಿಂತ ಮೊದಲು ಬಾಗಿಲಿಗೆ ಓಡುವುದು, ಹೆಲ್ಮೆಟ್ಟನ್ನು ತನ್ನ ತಲೆಗೆ ಹಾಕಿಕೊಂಡು ಒಳಗೆ ಬರುವುದು ಅವಳ ಪದ್ಧತಿ. ಹೊಸ ವರ್ಷದ ಆಚೆಗೆ ಒಮ್ಮೆಲೇ ಅದು ನಿಂತುಹೋಯಿತು. ಸ್ಕೂಟರಿನ ಸದ್ದಾದರೆ ಹುಡುಗಿ ಒಳಕೋಣೆಯ ಪರದೆಯ ಹಿಂದೆ ನಿಲ್ಲುತ್ತಿದ್ದಳು. ಭಾವ ಮೊದಲು ನಕ್ಕರು, ಆಮೇಲೆ ಬೇಸರ ಮಾಡಿಕೊಂಡರು, ಕೊನೆಗೆ ತಾನೇನು ತಪ್ಪು ಮಾಡಿದೆನೆಂದು ಅಕ್ಕನನ್ನು ಕೇಳತೊಡಗಿದರು.

ನಾನು ಹೋಗಿ ರೂತಳ ಪಕ್ಕದಲ್ಲಿ ಕುಳಿತಾಗ ಅವಳು ನಮ್ಮ ಸಭೆಯ ಹೊಸ ಬೈಬಲಿನ ಜಿಪ್ಪು ತೆಗೆದು ಒಂದು ಪುಟ ತೋರಿಸಿದಳು. ಅವಳು ಚೆನ್ನಾಗಿ ಓದುತ್ತಾಳೆ. ಸಾಸಿವೆಯಕ್ಷರವನ್ನೂ ಬೆರಳಿಟ್ಟು ಓದಿದ್ದಾಳೆ. ಅದು ಯೆಫ್ತಾಹನ ಕಥೆ. ಯುದ್ಧ ಗೆದ್ದರೆ, ಹಿಂದಿರುಗುವಾಗ ತನ್ನನ್ನು ಎದುರುಗೊಳ್ಳಲು ಮನೆಯ ಬಾಗಿಲಿನಿಂದ ಹೊರಬಂದವರನ್ನು ದೇವರಿಗೆ ಅರ್ಪಿಸುತ್ತೇನೆಂದು ಹರಕೆ ಹೊತ್ತ ತಂದೆ ಅವನು. ಗೆದ್ದು ಬಂದಾಗ ಬಾಗಿಲಿನಿಂದ ಕುಣಿಯುತ್ತ ಬಂದವಳು ಅವನ ಒಬ್ಬಳೇ ಮಗಳು. ಇಲ್ಲಿ ಯಾವ ದೂತನೂ ಬಂದು ಕೈ ತಡೆಯುವುದಿಲ್ಲ.

“ಸಂಡೇ ಸ್ಕೂಲಲ್ಲಿ ಯಾರನ್ನಾದ್ರೂ ಕೇಳಿದ್ಯಾ?” ಎಂದೆ.

“ಹೊಸ ಮಿಸ್‌ನ ಕೇಳ್ದೆ ಚಿಕ್ಕಮ್ಮ. ಅದು ನಮ್ ಪೋರ್ಷನ್ ಅಲ್ಲ ಅಂದ್ರು.”

ಅದೇ ವಾರ ಹಲಸೂರಿನಲ್ಲಿ ತಮ್ಮ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಸುಗುಣಾ ಟೀಚರನ್ನು ಹುಡುಕಿಕೊಂಡು ಹೋದೆ. ಕಾಯಿಲೆ ಅವರ ಕೂದಲನ್ನು ಬಹುಪಾಲು ತಿಂದುಹಾಕಿತ್ತು. ತುರುಬಿದ್ದಲ್ಲಿ ಒಂದು ಹಿಡಿ ಬಿಳಿಯ ಗಂಟು, ಅದರಲ್ಲಿ ನಿಲ್ಲಲಾರದೆ ಜೋತಾಡುವ ಒಂದು ಪಿನ್ನು. ನಾನು ಒಯ್ದಿದ್ದ ಹೊಸ ಬೈಬಲನ್ನು ಮೊದಲು ಕೈಗೆ ತೆಗೆದುಕೊಂಡು ಜಿಪ್ಪನ್ನು ಎಳೆದರು, ಮುಚ್ಚಿದರು, ಮತ್ತೆ ಎಳೆದರು, ಮಗುವಿನಂತೆ ನಕ್ಕರು. “ಛಲೋ ಐತಿ. ದೊಡ್ಡವರಿಗೆ” ಎಂದರು. ನಾನು ರೂತಳ ವಿಷಯ ಹೇಳಿದೆ. ನಗು ನಿಂತಿತು.

“ಆ ಪುಟಾ ಒಬ್ಬಾಕಿನ ಓದಿದಳೇನು?”

“ಒಬ್ಬಳೇ.”

ಟೀಚರು ಜಿಪ್ಪು ಮುಚ್ಚಿ ಬೈಬಲನ್ನು ಮಡಿಲಲ್ಲಿಟ್ಟುಕೊಂಡರು. ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲಿತ್ತು, ಕೇಳಿಯೇಬಿಟ್ಟೆ. “ನೀವಿದ್ದಿದ್ರೆ ಆ ಪುಟಕ್ಕೆ ಪಿನ್ ಹಾಕ್ತಿದ್ರಿ. ಆದ್ರೆ ಅವಳು ತೆಗೀತಿದ್ಲು, ಓದ್ತಿದ್ಲು. ಹೆದರಿಕೆ ಆಗ್ಲೂ ಅದೇ ಅಲ್ವಾ ಟೀಚರ್? ಏನು ವ್ಯತ್ಯಾಸ?”

“ಅದ ನಂಗ ತಿಳೀವಲ್ದು ನೋಡು. ಅಂಜಿಕಿ ಅಷ್ಟ ಇರತೈತಿ. ಆದ್ರ ಪಿನ್ನು ಕೈಯಾಗಿದ್ರ, ಯಾರಿಗೆ ಹೋಗಿ ಕೊಡ್ಬೇಕು ಅನ್ನೂದರ ಗೊತ್ತಿರತೈತಿ.”

ಕೂದಲಿನಲ್ಲಿ ಜೋತಾಡುತ್ತಿದ್ದ ಪಿನ್ನನ್ನು ತೆಗೆದು ನನ್ನ ಕೈಗಿಟ್ಟರು. “ಇದನ್ನ ಆಕಿಗೆ ಕೊಡು. ಭಾನುವಾರ ಕರ್ಕೊಂಡು ಬಾ. ವಾಪಸ್ ಇಸ್ಕೋತೇನಿ ಅಂತ ಹೇಳು.”

ರೂತ್ ಆ ಪಿನ್ನನ್ನು ಫ್ರಾಕಿನ ಜೇಬಿನಲ್ಲಿಟ್ಟುಕೊಂಡು, ದಿನಕ್ಕೆಷ್ಟೋ ಸಲ ಮುಟ್ಟಿ ನೋಡಿಕೊಂಡು, ಭಾನುವಾರಕ್ಕಾಗಿ ಕಾದಳು. ಟೀಚರು ಶನಿವಾರ ತೀರಿಕೊಂಡರು.

ಸಮಾಧಿಯ ಬಳಿ ಜಯಕರ್ ಅಂಕಲ್ ಚೆನ್ನಾಗಿ ಮಾತನಾಡಿದರು, ಕಣ್ಣೀರನ್ನೂ ಒರೆಸಿಕೊಂಡರು. ಅದು ನಟನೆಯೆಂದು ನಾನು ಹೇಳಲಾರೆ. ಚಿಕ್ಕಂದಿನಲ್ಲಿ ನಮ್ಮನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಪಿಕ್ನಿಕ್ಕಿಗೆ ಒಯ್ದ ಮನುಷ್ಯ ಅವರು. ಮಕ್ಕಳಿಗೆ ಕೇಡು ಬಯಸಿದವರಲ್ಲ. ಯಾರಿಗೂ ಕೇಡು ಬಯಸದವರೇ ಸೇರಿ ಇಂಥದನ್ನು ಹೇಗೆ ಮಾಡುತ್ತಾರೆಂಬುದು ನನ್ನ ಓದಿಗೆ ನಿಲುಕದ ಗೊಂದಲ. ಮಣ್ಣು ಹಾಕಲು ಎಲ್ಲರೂ ಮುಂದಾದಾಗ ರೂತ್ ಜೇಬಿನಿಂದ ಪಿನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಹಳ್ಳದೊಳಗೆ ಹಾಕುವಳೇನೋ ಎಂದುಕೊಂಡೆ. ಹಾಕಲಿಲ್ಲ. ನನ್ನ ಸೆರಗು ಜಗ್ಗಿದಳು.

“ಚಿಕ್ಕಮ್ಮ, ಇದನ್ನ ಈಗ ಯಾರಿಗೆ ಕೊಡ್ಲಿ?”

ಮಾನ್ಯರೇ, ಪಿನ್ನಿನ ಮೇಲೆ ಅವಳ ಬೆರಳುಗಳನ್ನು ಮಡಿಸಿ ಮನೆಗೆ ಕರೆತಂದೆ. ಎಂಟು ವರ್ಷಕ್ಕೆ ಯಾವ ಬೈಬಲ್ ಸರಿ, ಯಾವ ಪುಟ ಮುಚ್ಚಿರಬೇಕು, ಯಾವುದು ತೆರೆದಿರಬೇಕು, ಅದು ನನಗೆ ಗೊತ್ತಿಲ್ಲ, ಟೀಚರಿಗೂ ಗೊತ್ತಿರಲಿಲ್ಲ. ಗೊತ್ತಿದೆಯೆಂದು ಹೇಳಿದವರು ನೀವು ಮಾತ್ರ. ಆದ್ದರಿಂದ ರೂತಳ ಈ ಪ್ರಶ್ನೆಯನ್ನು ವಿಧಿವತ್ತಾಗಿ ನಿಮ್ಮ ಮುಂದಿಡುತ್ತಿದ್ದೇನೆ. ಹಿಂದಿನ ಕೊಠಡಿಯ ಬೀರುವಿನ ಬೀಗ ತೆಗೆಸಿ, ಅಲ್ಲಿಯ ಪುಸ್ತಕಗಳನ್ನು ಮಕ್ಕಳಿಗೆ ಮರಳಿಸಬೇಕೆಂದು ಕೋರುತ್ತೇನೆ. ‘ತಿಳಿಯದು’ ಎಂದು ಹೇಳುವ ಧೈರ್ಯವಿರುವ ಯಾರಾದರೂ ಒಬ್ಬರನ್ನು ಆ ಕೊಠಡಿಯ ನೆಲದ ಮೇಲೆ ಕೂರಿಸಬೇಕೆಂದು ಕೋರುತ್ತೇನೆ. ಸುಗುಣಾ ಟೀಚರ ಆ ಮಾತನ್ನು ತಪ್ಪೊಪ್ಪಿಗೆಯೆಂದು ಏಕೆ ಬರೆದುಕೊಂಡಿರೆಂಬುದಕ್ಕೆ, ಅವರನ್ನು ಕೂರಿಸಿ ಕೇಳಿದ ಹಾಗೆಯೇ, ಇಡೀ ಸಭೆಯ ಮುಂದೆ ನಿಂತು ಉತ್ತರ ಹೇಳಬೇಕೆಂದು ಕೋರುತ್ತೇನೆ.

ತಡ ಮಾಡಬೇಡಿ. ಭಾವನ ಸ್ಕೂಟರು ದಿನವೂ ಸಂಜೆ ಮನೆಗೆ ಬರುತ್ತದೆ. ಹುಡುಗಿ ಇನ್ನೂ ಪರದೆಯ ಹಿಂದೆಯೇ ನಿಲ್ಲುತ್ತಾಳೆ; ಪಿನ್ನು ಇನ್ನೂ ಅವಳ ಕೈಯಲ್ಲಿದೆ.